ಹೆಣದ ಗಾಡಿಗೊಂದು ಕೊಂಬು

ಒಂದು ಕಟ್ಟಡದ ಮುಂದೆ ಹೆಣದ ಗಾಡಿ ಬಂದು ನಿಲ್ಲುವುದಕ್ಕೆ ಲೋಕದಲ್ಲಿ ಒಂದೇ ಕಾರಣ ಇರುತ್ತದೆ. ನಮ್ಮ ಕಟ್ಟಡದ ಮುಂದೆ ಬಂದು ನಿಂತದ್ದಕ್ಕೆ ಮಾತ್ರ ಬೇರೆ ಕಾರಣವಿತ್ತು, ಅದನ್ನು ಯಾರೂ ನಂಬಲಿಲ್ಲ. ಅದರ ಚಾವಣಿ ಉದ್ದವಾಗಿತ್ತು, ಚಪ್ಪಟೆಯಾಗಿತ್ತು, ಅಪ್ಪಟ ಉಕ್ಕಿನದಾಗಿತ್ತು.

ಅದನ್ನು ಓಡಿಸಿಕೊಂಡು ಬಂದವನು ನನ್ನ ಸೋದರಮಾವ. ಅವನದು ಲಿಫ್ಟ್ ಕಂಪನಿಯಲ್ಲಿ ಫೋನಿನ ಮುಂದೆ ಕೂರುವ ಕೆಲಸ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದರೆ ಕೇಳಿಸುವುದು ಮಾವನ ದನಿ: "ಗಾಬರಿ ಬೇಡಿ, ಜನ ಬರ್ತಿದ್ದಾರೆ." ಇಪ್ಪತ್ತೆರಡು ವರ್ಷ ಇದೇ ಮಾತು ಹೇಳಿ ಹೇಳಿ, ಮನೆಯಲ್ಲಿ ಹಾಲು ಉಕ್ಕಿತೆಂದು ಅತ್ತೆ ಕೂಗಿದರೂ ಅವನ ಬಾಯಿಂದ ಅದೇ ಬರುತ್ತಿತ್ತು. ಊರಿನ ಗೋಳನ್ನೆಲ್ಲ ಕೇಳಿಸಿಕೊಳ್ಳುವ ಮನುಷ್ಯನಿಗೆ ತನ್ನ ಮಾತನ್ನೂ ಯಾರಾದರೂ ಕೇಳಿಸಿಕೊಳ್ಳಲಿ ಎನಿಸುವುದು ಸಹಜ. ಹಾಗಾಗಿ ಅವನು ಹವ್ಯಾಸಿ ರೇಡಿಯೊ ಪರೀಕ್ಷೆಗೆ ಕಟ್ಟಿದ, ಮೂರನೆಯ ಸಲಕ್ಕೆ ಪಾಸಾದ, ಕಾರಿನಲ್ಲಿ ಕೂರಿಸುವಂಥ ಒಂದು ರೇಡಿಯೊ ತಂದ, ಊರಿನ ರೇಡಿಯೊ ಕ್ಲಬ್ಬಿನವರಿಂದ ಒಂದು ಬಿರುದನ್ನೂ ಪಡೆದ. ಬಿರುದು 'ಪಿಸುಮಾತು'. ನಮ್ಮ ಊರಿರುವುದು ತಗ್ಗಿನಲ್ಲಿ. ಬಾಲ್ಕನಿಯಲ್ಲಿ ತಂತಿಯೊಂದನ್ನು ಕಟ್ಟಿಕೊಂಡು ಮಾವ ಗಂಟಲು ಹರಿದುಕೊಂಡರೂ ಆಚೆಗೆ ಹೋಗುತ್ತಿದ್ದದ್ದು ಪಿಸಪಿಸ ಅಷ್ಟೆ.

"ಪಿಸುಮಾತಿನವರೇ, ನೀವು ಬಂದಿರೋದು ಗೊತ್ತಾಯ್ತು, ಹೇಳಿದ್ದು ಗೊತ್ತಾಗಲಿಲ್ಲ. ಬಾಯಿ ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ," ಎನ್ನುತ್ತಿದ್ದರು ಕ್ಲಬ್ಬಿನ ಅಧ್ಯಕ್ಷರು. ಅವರು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು.

ಇಂಥ ಮಾವನ ಬಾಗಿಲಿಗೆ ಒಂದು ಸೋಮವಾರ ಬೆಳಿಗ್ಗೆ ಮೂರನೇ ಮಹಡಿಯ ಗಡಿಯಾರದಮ್ಮ ವಾಕರ್ ಊರಿಕೊಂಡು ಬಂದರು. ಅವರ ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಬಿಡುವಿನಲ್ಲಿ ರೇಡಿಯೊ ಹುಚ್ಚು. ದೂರದ ಗುಡ್ಡದ ಮೇಲೆ ಅವರೊಂದು ರಿಪೀಟರ್ ಕಟ್ಟಿದ್ದರು. ಅದು ಗಿಳಿಯಂಥ ಯಂತ್ರ. ತಗ್ಗಿನಿಂದ ಬಂದ ಸಣ್ಣ ದನಿಯನ್ನು ಹಿಡಿದು ದೊಡ್ಡ ದನಿ ಮಾಡಿ ಊರೂರಿಗೆ ಒಪ್ಪಿಸುತ್ತದೆ. ಯಾರಾದರೂ ಕರೆದು ಎಬ್ಬಿಸಿದರೆ ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಆ ಪರಿಚಯವನ್ನು ಗಡಿಯಾರದವರು ತಮ್ಮದೇ ದನಿಯಲ್ಲಿ ಅದರೊಳಗೆ ಕೂರಿಸಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಗುಡ್ಡಕ್ಕೆ ಅದು ಗೊತ್ತಿರಲಿಲ್ಲ.

"ಶನಿವಾರ ಸಂಜೆ ಆರಕ್ಕೆ ಅದನ್ನ ಆರಿಸ್ತಾರಂತಪ್ಪ," ಎಂದರು ಗಡಿಯಾರದಮ್ಮ. "ಹೊಸದು ತರ್ತಾರಂತೆ, ಕಂಪ್ಯೂಟರ್ ದನಿಯದ್ದು. ಅಷ್ಟರಲ್ಲಿ ನಾನೊಂದು ಸಲ ಅವರನ್ನ ಕರೀಬೇಕು."

"ಅದು ರೆಕಾರ್ಡು ಅಮ್ಮ. ಡಾಕ್ಟರಿಗೆ ಹೇಳಿದ್ರೆ ನಿಮ್ಮ ಫೋನಿಗೇ ಕಳಿಸ್ತಾರೆ."

"ರೆಕಾರ್ಡು ಯಾರಿಗೆ ಬೇಕು. ಗೋಡೆ ಮೇಲೆ ಫೋಟೋ ಇದೆ, ಮೂರು ಹೊತ್ತೂ ನೋಡ್ತೀನಿ. ನಾನು ಕರೆದ ಮೇಲೆ ಅವರು ಓ ಅನ್ನಬೇಕು. ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ, ಕರೆದಾಗ ಒಂದು ದಿನ ಓ ಅಂದೋರಲ್ಲ. ಕಣ್ಣಿಗೆ ಗಾಜು ಸಿಕ್ಕಿಸ್ಕೊಂಡು ಯಾರದೋ ಗಡಿಯಾರ ಬಿಚ್ತಾ ಕೂತಿರೋರು. ಒಂದು ಮಾತು ಕೇಳೋದು ಬಾಕಿ ಇದೆ."

ಮಾವನ ಎದೆ ಉಬ್ಬಿತು. ಅವನ ರೇಡಿಯೊವನ್ನು ನಂಬಿ ಬಂದ ಮೊದಲ ಮನುಷ್ಯಪ್ರಾಣಿ ಅದು. "ನನ್ನ ಕಾರಿಗೆ ಒಳ್ಳೇ ಆಂಟೆನಾ ಹಾಕಿಸ್ತೀನಿ. ನೀರಿನ ಟ್ಯಾಂಕಿನ ದಿಣ್ಣೆ ಹತ್ತಿಬಿಟ್ರೆ ಗುಡ್ಡ ಸಿಕ್ಕಿದ ಹಾಗೇ. ಗಾಬರಿ ಬೇಡಿ, ಜನ ಬರ್ತಿದ್ದಾರೆ."

"ಯಾರ ಕಾರು?" ಎಂದಿತು ಅಡುಗೆಮನೆಯಿಂದ ಅತ್ತೆಯ ದನಿ.

"ಇವಳ ಕಾರಿಗೆ," ಎಂದು ಮಾವ ತಿದ್ದಿಕೊಂಡ.

"ಇನ್ನೊಂದಿದೆ," ಎಂದರು ಗಡಿಯಾರದಮ್ಮ. "ಸೊಂಟಕ್ಕೆ ಆಪರೇಷನ್ ಆಗಿ ಮೂರು ವಾರ. ನಿಲ್ಲಬಹುದು, ಮಲಗಬಹುದು. ಕಾರಲ್ಲಿ ಮುದುರ್ಕೊಂಡು ಕೂತ್ಕೊಳ್ಳೋ ಹಾಗಿಲ್ಲ ಅಂದಿದ್ದಾರೆ."

"ನೋಡೋಣ," ಎಂದ ಮಾವ. ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಮೂರ್ಖ ರಾಜರೆಲ್ಲ ವರ ಕೊಟ್ಟ ಮೇಲೆ ಇದೇ ಮಾತು ಹೇಳುತ್ತಿದ್ದರು.

ಮರುದಿನ ಮಾವ ಆಂಟೆನಾ ಅಂಗಡಿಗೆ ನನ್ನನ್ನೂ ಕರೆದೊಯ್ದ. ಹಗಲಲ್ಲೂ ದೀಪ ಹಚ್ಚಿಕೊಂಡಿರುವ ಉದ್ದನೆಯ ಗುಹೆ ಅದು. ಸೂರಿನಿಂದ ಕಪ್ಪು ಕಡ್ಡಿಗಳು ನೇತಾಡುತ್ತಿದ್ದವು. ನಾವು ಒಳಗೆ ಕಾಲಿಟ್ಟಾಗ ಗಾಳಿಯಿಲ್ಲದಿದ್ದರೂ ಒಂದೆರಡು ಅಲುಗಿದವು. ಅಂಗಡಿಯವನ ಮುಖ ಬೆಳಕಿಗೆ ಬರಲೇ ಇಲ್ಲ, ಕೈ ಮಾತ್ರ ಬಂತು.

"ನಿಮ್ಮ ರೇಡಿಯೊ ಎರಡು ಬ್ಯಾಂಡಿಂದು, ಅಂದ್ರೆ ಎರಡು ಅಲೆ," ಎಂದಿತು ಕೈ. "ಒಂದು ಎರಡು ಮೀಟರ್ ಉದ್ದದ್ದು, ಒಂದು ಎಪ್ಪತ್ತು ಸೆಂಟಿಮೀಟರ್‌ದು. ಒಂದೇ ಕಡ್ಡಿ ಎರಡಕ್ಕೂ ಕುಣೀಬೇಕು. ಈ ಕುಳ್ಳಂದು ನೋಡೋಕೆ ಚೆಂದ, ಪೇಟೆ ಒಳಗೆ ಮಾತಾಡಿಕೊಂಡಿರಬಹುದು. ಈ ನಡುವಿನದು ಅರ್ಧ ಅಲೆದು. ಇದಕ್ಕೆ ಕೆಳಗೆ ಕಬ್ಬಿಣ ಇರಲೇಬೇಕು ಅಂತಿಲ್ಲ, ಬಾನೆಟ್ಟಿನ ಅಂಚಿಗೆ ಕಚ್ಚಿಸಿದರೂ ಬದುಕ್ಕೊಳ್ಳುತ್ತೆ. ನಿಮಗೆ ಇದೇ ಸಾಕು."

"ಆ ಉದ್ದಂದು?"

ಕೈ ಆ ಉದ್ದದ ಕಡ್ಡಿಯನ್ನು ಮುಟ್ಟಿತು. "ಅದು ದೂರ ಹೋಗುತ್ತೆ. ಆದ್ರೆ ಅದಕ್ಕೆ ಅಯಸ್ಕಾಂತದ ಬುಡ, ಕೆಳಗೆ ಅಗಲವಾದ ಉಕ್ಕಿನ ಚಾವಣಿ ಬೇಕು. ಯಾಕೆ ಗೊತ್ತಾ? ಮೇಲೆ ಕಾಣೋದು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಚಾವಣಿ ಕೆಳಗೆ ತಲೆಕೆಳಗಾಗಿ ನಿಂತಿರುತ್ತೆ, ನೀರಲ್ಲಿ ನೆರಳು ನಿಂತ ಹಾಗೆ. ಕಣ್ಣಿಗೆ ಕಾಣಲ್ಲ. ಆದ್ರೆ ಕೆಲಸ ಮಾಡುತ್ತೆ."

ಮಾವನಿಗೆ ಕೇಳಿಸಿದ್ದು 'ದೂರ ಹೋಗುತ್ತೆ' ಎಂಬಷ್ಟೇ. ಪಿಸುಮಾತೆಂದು ಕರೆಸಿಕೊಂಡವನು ಅಂಗಡಿಯಲ್ಲಿನ ಅತಿ ಉದ್ದದ ಕಡ್ಡಿಯನ್ನು ಬಿಟ್ಟು ಬರುತ್ತಾನೆಯೇ? ಒಂದೂವರೆ ಮೀಟರಿನ ಆ ಕೊಂಬನ್ನು ಹೆಗಲ ಮೇಲೆ ಹೊತ್ತುಕೊಂಡೇ ಮನೆಗೆ ಬಂದ.

ಅತ್ತೆಯ ಕಾರಿನ ಮೇಲೆ ಇಟ್ಟ. ಕೊಂಬು ನಯವಾಗಿ ಜಾರಿ ಅವನ ಕಾಲ ಮೇಲೆ ಬಿತ್ತು. ಆ ಕಾರಿನ ಚಾವಣಿ ಇಡಿಯಾಗಿ ಗಾಜು. ನಕ್ಷತ್ರ ನೋಡಬಹುದೆಂದು ಇದೇ ಮಾವ ಆರಿಸಿಕೊಟ್ಟಿದ್ದ ಕಾರು.

"ವಾಪಸ್ ಕೊಟ್ಟು ಆ ನಡುವಿನದು ತಗೊಂಡು ಬನ್ನಿ," ಎಂದಳು ಅತ್ತೆ.

ಗಂಡಸರು ಆಂಟೆನಾ ವಾಪಸ್ ಕೊಟ್ಟದ್ದು ಚರಿತ್ರೆಯಲ್ಲಿಲ್ಲ. ಮಾವ ಕಾರನ್ನೇ ಬದಲಿಸಲು ಹೊರಟ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಣ್ಣಿನ ಆಕಾರದ ಅಯಸ್ಕಾಂತವನ್ನು ಕಿತ್ತುಕೊಂಡು, ಕಟ್ಟಡದ ನೆಲಮಾಳಿಗೆಯಲ್ಲಿ ನಿಂತ ಒಂದೊಂದು ವಾಹನದ ನೆತ್ತಿಗೂ ಇಟ್ಟು ನೋಡುತ್ತ ಹೋದ. ಕಾರ್ಯದರ್ಶಿಯವರು ಕಂಬದ ಹಿಂದೆ ನಿಂತು ಇದನ್ನು ನೋಡಿದರು. ಅವರು ನಿವಾಸಿಗಳ ಸಂಘದ ಕಾರ್ಯದರ್ಶಿ, ಗಡಿಯಾರದಮ್ಮನ ಪಕ್ಕದ ಮನೆಯವರು, ಸೂಚನಾ ಫಲಕವೊಂದಕ್ಕಾಗಿಯೇ ಬದುಕಿದ್ದವರು. ಒಂದು ಗಂಟೆಯೊಳಗೆ ಫಲಕದಲ್ಲಿ ಹೊಸ ಕಾಗದ ಬಂತು: 'ಅನ್ಯರ ವಾಹನಗಳ ತಲೆಯ ಮೇಲೆ ಹಣ್ಣು ಇಡುವುದನ್ನು ನಿಷೇಧಿಸಲಾಗಿದೆ.'

ಬುಧವಾರ ಮಾವ ಆಫೀಸಿಂದ ಬರುವಾಗ ಗುಜರಿ ಅಂಗಡಿಯ ಮುಂದೆ ಒಂದು ಹೆಣದ ಗಾಡಿ ನಿಂತಿತ್ತು. ಮಾವ ಅಭ್ಯಾಸಬಲದಿಂದ ಅದರ ನೆತ್ತಿಗೂ ಹಣ್ಣನ್ನಿಟ್ಟ. ಟಪ್ಪೆಂದು ಕಚ್ಚಿಕೊಂಡಿತು. ಎಳೆದರೂ ಬರಲಿಲ್ಲವಂತೆ.

ಗಾಡಿಯನ್ನು ಮೂವತ್ತು ವರ್ಷ ಓಡಿಸಿದ ಮುದುಕ ಪಕ್ಕದಲ್ಲೇ ಕೂತಿದ್ದ. "ಒಡೆಸೋಕೆ ಮನಸ್ಸು ಬರ್ತಿಲ್ಲ. ಸಾಕ್ತೀನಿ ಅಂದ್ರೆ ತಗೊಂಡು ಹೋಗು," ಎಂದ. "ಹಿಂದೆ ಉಕ್ಕಿನ ತಟ್ಟೆ ಇದೆ, ಎಳೆದ್ರೆ ಆಚೆಗೆ ಬರುತ್ತೆ. ಮಲಗೋಕೆ ಸುಖ. ಇವತ್ತಿನವರೆಗೂ ಯಾರೂ ಎದ್ದು ದೂರು ಹೇಳಿಲ್ಲ."

ಮಲಗಲು ಸುಖ. ಮಾವನ ತಲೆಯಲ್ಲಿ ಗಡಿಯಾರದಮ್ಮನ ಸೊಂಟವೂ ಆಂಟೆನಾದ ಚಾವಣಿಯೂ ಒಟ್ಟಿಗೆ ಹೊಳೆದವು. ಹಾಗೆ ಬಂತು ಹೆಣದ ಗಾಡಿ.

ಸಂಜೆ ಮಂಜು ಇಳಿದಿತ್ತು. ಗಾಡಿಯನ್ನು ಕಟ್ಟಡದ ಮುಂದೆ ನಿಲ್ಲಿಸಿ ಮಾವ ಮನೆಯಿಂದ ಕೊಂಬು ತಂದು ಅದರ ಚಾವಣಿಗೆ ಕಚ್ಚಿಸಿದ. ಗಾಡಿ ಕಪ್ಪಗೆ, ಸದ್ದಿಲ್ಲದೆ, ಕಿಟಕಿಗಳಿಗೆ ಮಾಸಿದ ಪರದೆ ಎಳೆದುಕೊಂಡು ನೆಲಮಾಳಿಗೆಯ ಇಳಿಜಾರಿನಲ್ಲಿ ಇಳಿಯಿತು. ಆ ಕೊಂಬನ್ನು ಬುಡದಲ್ಲಿ ಮಡಚಬಹುದೆಂಬುದು ಮಾವನಿಗೆ ನೆನಪಾಗಲಿಲ್ಲ. ನೆಲಮಾಳಿಗೆಯ ಸೂರಿನಲ್ಲಿ ಎಂಟು ತೊಲೆಗಳಿವೆ. ಕೊಂಬಿನ ತುದಿ ಒಂದೊಂದಕ್ಕೂ ಬಡಿದು ಬಾಗಿ ಮತ್ತೆ ನೆಟ್ಟಗಾಯಿತು. ಟಕ್. ಟಕ್. ಟಕ್. ಒಳಗಿನಿಂದ ಯಾರೋ ಬಾಗಿಲು ತೆಗೆಯಿರಿ ಎಂದು ತಾಳ್ಮೆಯಿಂದ ಬಡಿಯುತ್ತಿರುವಂತೆ. ಮೊದಲ ಮಹಡಿಯವರು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

"ಇದರಲ್ಲಿ ಏನು ತಂದಿದೀರಿ?" ಎಂದಳು ಅತ್ತೆ, ಮೆಟ್ಟಿಲ ಮೇಲಿಂದಲೇ.

"ಏನೂ ಇಲ್ಲ. ಇದನ್ನೇ ತಂದಿದೀನಿ."

ಅತ್ತೆ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದಳು. "ನಾನು ಸತ್ತರೆ," ಎಂದಳು, "ನನ್ನನ್ನ ನನ್ನ ಕಾರಲ್ಲೇ ತಗೊಂಡು ಹೋಗಿ." ಮೇಲೆ ಹೋದಳು.

ನಿಜವಾದ ಅನಾಹುತ ನಡೆದದ್ದು ಗುರುವಾರ ಸಂಜೆ. ಮಾವ ಗಾಡಿಯ ಹಿಂಭಾಗದ ತಟ್ಟೆಯ ಮೇಲೆ ಅಂಗಾತ ಮಲಗಿ, ಕೊಂಬಿನಿಂದ ಇಳಿದ ಕೇಬಲ್ಲನ್ನು ಚಾವಣಿಯ ಅಂಚಿಗೆ ಸಿಕ್ಕಿಸುತ್ತ, ಎದೆಯ ಮೇಲೆ ಮೈಕು ಇಟ್ಟುಕೊಂಡು ಹಲ್ಲಿನ ಡಾಕ್ಟರ ಜೊತೆ ಪರೀಕ್ಷೆ ನಡೆಸುತ್ತಿದ್ದ. ಪರದೆ ಎಳೆದಿತ್ತು. ಕಾರ್ಯದರ್ಶಿಯವರು ಸ್ಕೂಟರ್ ನಿಲ್ಲಿಸಲು ಬಂದವರು, ಕಾಲು ನೆಲಕ್ಕೆ ಅಂಟಿದಂತೆ ನಿಂತರು.

"ಕೇಳಿಸ್ತಿದೆಯಾ?" ಎನ್ನುತ್ತಿತ್ತು ಹೆಣದ ಗಾಡಿ. "ಕೇಳಿಸ್ತಿದೆಯಾ? ಕೇಳಿಸ್ತಿದೆಯಾ? ನಾನು ಒಳಗೇ ಇದ್ದೀನಿ. ಉದ್ದಕ್ಕೆ ಮಲಗಿದ್ದೀನಿ. ಜಾಗ ಚೆನ್ನಾಗಿದೆ."

ಅದಕ್ಕೆ ಇನ್ನೊಂದು ದನಿ, ಗೊರಗೊರ ಎನ್ನುತ್ತ: "ನಿಮ್ಮ ದನಿ ತುಂಬಾ ಕೆಳಗಿನಿಂದ ಬಂದ ಹಾಗಿದೆ. ಯಾವಾಗ ಮೇಲೆ ಬರ್ತೀರಿ?"

"ಶನಿವಾರ."

ನಾನು ಮುಂದಿನ ಸೀಟಿನಲ್ಲಿ ಮೀಟರ್ ಹಿಡಿದು ಕೂತಿದ್ದೆ. ಕಾರ್ಯದರ್ಶಿಯವರ ಕೈಯಿಂದ ಬೀಗದಕೈ ಗೊಂಚಲು ಬಿದ್ದ ಸದ್ದಾಯಿತು. ಅದಕ್ಕೆ ಮಾವ ಪರದೆ ಸರಿಸಿ, ಮಲಗಿದಲ್ಲಿಂದಲೇ ತಲೆ ಹೊರಗೆ ಹಾಕಿದ. ಅವರ ಮುಖ ನೋಡಿದ್ದೇ ಅಭ್ಯಾಸದ ಮಾತು ಬಂತು: "ಗಾಬರಿ ಬೇಡಿ. ಜನ ಬರ್ತಿದ್ದಾರೆ."

"ಯಾ... ಯಾರು?"

"ಯಾರೂ ಇಲ್ಲ ಸ್ವಾಮಿ. ಶನಿವಾರಕ್ಕೆ ತಯಾರಿ. ಗಡಿಯಾರದಮ್ಮನ್ನ ಅವರ ಯಜಮಾನರ ಹತ್ತಿರ ಮಾತಾಡಿಸೋಕೆ ಕರ್ಕೊಂಡು ಹೋಗ್ತಿದೀನಿ."

"ಅವರು ತೀರ್ಕೊಂಡು ಎರಡು ವರ್ಷ ಆಯ್ತಲ್ಲ."

"ಹೌದು. ಅದಕ್ಕೇ ಈ ಗಾಡಿ. ಆರು ಗಂಟೆ ಒಳಗೆ ಮುಗಿಸಿಬಿಡಬೇಕು."

ಕಾರ್ಯದರ್ಶಿಯವರು ಬೀಗದಕೈ ಗೊಂಚಲು ಎತ್ತಿಕೊಂಡರು. "ಅಮ್ಮನಿಗೆ ಗೊತ್ತಾ?"

"ಅವರೇ ಕೇಳ್ಕೊಂಡಿದ್ದು. ನೋವಿಲ್ಲದ ಹಾಗೆ ಮಲಗಿಸ್ಕೊಂಡೇ ಕರ್ಕೊಂಡು ಹೋಗ್ತೀನಿ."

ಮಾವ ಹೇಳಿದ ಒಂದೊಂದು ಮಾತೂ ಸತ್ಯ. ನಮ್ಮಜ್ಜಿ ಹೇಳುತ್ತಿದ್ದಳು, ಸುಳ್ಳಿನಿಂದ ಮನೆ ಮುರಿಯುತ್ತದೆ, ಅರ್ಧ ಸತ್ಯದಿಂದ ಊರೇ ಮುರಿಯುತ್ತದೆ ಅಂತ. ಶುಕ್ರವಾರ ಬೆಳಿಗ್ಗೆ ಫಲಕದಲ್ಲಿ ಹೀಗಿತ್ತು: 'ಜೀವಂತ ನಿವಾಸಿಗಳ ಸಲುವಾಗಿ ಶವವಾಹನವನ್ನು ಮುಂಗಡ ತಂದು ನಿಲ್ಲಿಸುವಂತಿಲ್ಲ.' ಕೆಳಗೆ ಸಣ್ಣಕ್ಷರದಲ್ಲಿ: 'ನಿವಾಸಿಯ ಒಪ್ಪಿಗೆ ಇದ್ದರೂ.'

ಆ ದಿನ ಗಡಿಯಾರದಮ್ಮನ ಮನೆಗೆ ಜನವೋ ಜನ. ಆ ಮನೆಯಲ್ಲಿ ಗೋಡೆ ತುಂಬ ಗಡಿಯಾರಗಳು, ಮೂವತ್ತಕ್ಕೂ ಮೇಲೆ. ಒಂದರ ಗಂಟೆ ಇನ್ನೊಂದಕ್ಕಿಲ್ಲ. ಯಜಮಾನರು ಹೋದ ಮೇಲೂ ಅಮ್ಮ ದಿನಾ ಸ್ಟೂಲು ಹತ್ತಿ ಎಲ್ಲಕ್ಕೂ ಕೀ ಕೊಡುತ್ತಿದ್ದರು. ಸೊಂಟ ಮುರಿದದ್ದೂ ಆ ಸ್ಟೂಲಿನಿಂದಲೇ; ಆಮೇಲೆ ಕೆಲಸದವಳ ಕೈಲಿ ಕೀ ಕೊಡಿಸುತ್ತಿದ್ದರು. ಆ ಟಿಕ್‌ಟಿಕ್‌ಗಳ ನಡುವೆ ನೆರೆಹೊರೆಯವರು ಸಾಲಾಗಿ ಬಂದು ಕೂತರು. ಎರಡನೇ ಮಹಡಿಯವರು ಐದು ವರ್ಷದ ಹಿಂದೆ ಒಯ್ದಿದ್ದ ಏಣಿ ತಂದಿಟ್ಟರು. ಮೇಲಿನ ಮನೆಯಾಕೆ, ಬಟ್ಟೆಯ ನೀರು ಬೇಕಂತಲೇ ನಿಮ್ಮ ಬಾಲ್ಕನಿಗೆ ಬೀಳಿಸುತ್ತಿದ್ದೆ, ಕ್ಷಮಿಸಿಬಿಡಿ ಎಂದು ಕಣ್ಣೊರೆಸಿಕೊಂಡಳು.

"ಅದಕ್ಕೇನಮ್ಮ, ಶನಿವಾರ ಆದಮೇಲೆ ನೋಡೋಣ," ಎಂದರು ಗಡಿಯಾರದಮ್ಮ. ಆಕೆ ಬಿಕ್ಕಿ ಬಿಕ್ಕಿ ಅತ್ತಳು.

ಶನಿವಾರ ನಾಲ್ಕೂ ಮುಕ್ಕಾಲಿಗೆ ಗಡಿಯಾರದಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಲಿಫ್ಟಿನಲ್ಲಿ ಇಳಿದು ಬಂದರು. ಹೆಣದ ಗಾಡಿಯ ತನಕ ತಾವೇ ನಡೆದು ಬಂದವರನ್ನು ನಾನು ನೋಡಿದ್ದು ಅವತ್ತೇ. ಮಾವ ತಟ್ಟೆ ಎಳೆದ. ಅದರ ಮೇಲೆ ಹಾಸಿಗೆ, ದಿಂಬು ಇದ್ದವು. ಅಮ್ಮ ಮೆಲ್ಲಗೆ ಒರಗಿ, ಮಲಗಿ, ಸೆರಗು ಸರಿಮಾಡಿಕೊಂಡು, "ತಳ್ಳಪ್ಪ," ಎಂದರು. ತಟ್ಟೆ ಒಳಗೆ ಸರಿಯಿತು. ನೆಲಮಾಳಿಗೆಯ ಮೆಟ್ಟಿಲುಗಳ ಮೇಲೆ ನಿಂತ ಜನ ಕೈಮುಗಿದರು.

ಕಾರ್ಯದರ್ಶಿಯವರು ಓಡಿ ಬರುವಷ್ಟರಲ್ಲಿ ಗಾಡಿ ಹೊರಟಿತ್ತು. ಟಕ್, ಟಕ್ ಎಂದು ತೊಲೆಗಳನ್ನು ಎಣಿಸುತ್ತ ಮೇಲೆ ಹೋಯಿತು. ಅವರು ಅತ್ತೆಯ ಕಾರಿನ ಬಾಗಿಲು ತೆಗೆದು ಕೂತೇಬಿಟ್ಟರು. "ನಡೀರಮ್ಮ. ನಿಮ್ಮ ಯಜಮಾನರು ಕೊಲೆ ಮಾಡ್ತಾರೆ, ತಡೀಬೇಕು."

"ಅವರಿಂದ ಒಂದು ಸೊಳ್ಳೆ ಸತ್ತದ್ದು ನೋಡಿಲ್ಲ ನಾನು," ಎಂದಳಂತೆ ಅತ್ತೆ. ಆದರೂ ಕಾರು ಹೊರಡಿಸಿದಳು. ಸಂಬಂಧವಿಲ್ಲದವಳ ಹಾಗೆ, ಸ್ವಲ್ಪ ದೂರ ಬಿಟ್ಟುಕೊಂಡು.

ವೃತ್ತದಲ್ಲಿ ಟ್ರಾಫಿಕ್ ಪೊಲೀಸನು ಹೆಣದ ಗಾಡಿ ಕಂಡು ಎಲ್ಲ ವಾಹನಗಳನ್ನೂ ತಡೆದ. ಟೋಪಿ ತೆಗೆದು ತಲೆ ತಗ್ಗಿಸಿ ನಿಂತ. ಗಾಡಿ ಅವನ ಮುಂದೆ ಹಾಯುವಾಗ ಹಿಂದಿನ ಪರದೆ ಸರಿಯಿತು. "ಗಂಟೆ ಎಷ್ಟಾಯ್ತಪ್ಪ?" ಎಂದರು ಗಡಿಯಾರದಮ್ಮ. ಮೂವತ್ತು ಗಡಿಯಾರ ಇಟ್ಟುಕೊಂಡವರಿಗೆ ಸರಿಯಾದ ಗಂಟೆ ಎಂದೂ ಗೊತ್ತಿರುವುದಿಲ್ಲ.

"ಐದೂ ಹತ್ತು," ಎಂದ ಪೊಲೀಸ. ಕರ್ತವ್ಯ ನಿಷ್ಠೆ ಎಂದರೆ ಅದು. ಆಮೇಲೆ ಅವನು ಕಲ್ಲಿನ ಕಟ್ಟೆಯ ಮೇಲೆ ಕೂತದ್ದನ್ನೂ, ಟೋಪಿ ಉರುಳಿಕೊಂಡು ಹೋದದ್ದನ್ನೂ ನಾನು ಕನ್ನಡಿಯಲ್ಲಿ ನೋಡಿದೆ.

ನೀರಿನ ಟ್ಯಾಂಕಿನ ದಿಣ್ಣೆಯ ಮೇಲೆ ಮಂಜು ಹಾಲಿನಂತೆ ನಿಂತಿತ್ತು. ಟ್ಯಾಂಕಿನ ಕಾಲುಗಳು ಕಾಣುತ್ತಿದ್ದವು, ಹೊಟ್ಟೆ ಕಾಣುತ್ತಿರಲಿಲ್ಲ. ನಾಯಿ ಇಲ್ಲ, ಹಕ್ಕಿ ಇಲ್ಲ. ಮೇಲೆಲ್ಲೋ ನೀರು ತನ್ನಷ್ಟಕ್ಕೆ ತಾನು ತೊಟ್ಟಿಕ್ಕುತ್ತಿತ್ತು. ಮಾವ ರೇಡಿಯೊ ಹಚ್ಚಿದ, ಮೈಕಿನ ಗುಂಡಿ ಒತ್ತಿದ. ನನ್ನ ತೊಡೆಯ ಮೇಲಿದ್ದ ಮೀಟರಿಗೆ ಎರಡು ಮುಳ್ಳು. ಒಂದು, ಹೋದದ್ದೆಷ್ಟು ಎಂದು ಹೇಳುತ್ತದೆ. ಇನ್ನೊಂದು, ವಾಪಸ್ ಬಂದದ್ದೆಷ್ಟು ಎಂದು. ಒಳ್ಳೆಯ ಆಂಟೆನಾ ಇದ್ದರೆ ಎರಡನೆಯದು ಏಳಬಾರದು. ಅವತ್ತು ಎರಡೂ ಒಟ್ಟಿಗೆ ಎದ್ದವು.

"ಅರ್ಧಕ್ಕರ್ಧ ವಾಪಸ್ ಬರ್ತಿದೆ ಮಾವ."

ಮಾವ ಕೆಳಗಿಳಿದ. ಕೇಬಲ್ ನೋಡಿದ, ತಿರುಪು ಬಿಗಿ ಮಾಡಿದ, ಗಾಡಿಯನ್ನು ಹಿಂದೆ ಮುಂದೆ ಸರಿಸಿದ. ಐದೂವರೆ ಆಯಿತು. ಐದೂ ನಲವತ್ತಾಯಿತು. ಕರೆದರೆ ಬರುತ್ತಿದ್ದದ್ದು ಬರೀ ಸುಯ್ ಎನ್ನುವ ಸದ್ದು. ಯಾರೋ ಮಾತು ಶುರು ಮಾಡಬೇಕೆಂದು ಉಸಿರೆಳೆದುಕೊಂಡು, ಬೇಡವೆಂದು ಬಿಟ್ಟಂತೆ.

"ಸಿಗ್ತಿಲ್ವಾ?" ಎಂದರು ಹಿಂದಿನಿಂದ ಗಡಿಯಾರದಮ್ಮ. "ಪಾಪ, ಕೈಲಿ ಕೆಲಸ ಇರುತ್ತೆ ಅವರಿಗೆ."

ಮಾವನಿಗೆ ಅವರ ಕಡೆ ತಿರುಗಲಾಗಲಿಲ್ಲ. ಎರಡು ಮಹಡಿಗಳ ನಡುವೆ ಸಿಕ್ಕ ಲಿಫ್ಟಿನಲ್ಲಿ ಮೊದಲ ಸಲ ಅವನೇ ನಿಂತಿದ್ದ, ಗುಂಡಿ ಒತ್ತಿದರೆ ಆ ಕಡೆ ಯಾರೂ ಇರಲಿಲ್ಲ.

ಅಷ್ಟರಲ್ಲಿ, ವೃತ್ತದಲ್ಲಿ ತಡೆದ ವಾಹನಗಳ ನಡುವೆ ಸಿಕ್ಕಿಕೊಂಡಿದ್ದ ಅತ್ತೆಯ ಕಾರು ಮಂಜು ಸೀಳಿಕೊಂಡು ಬಂತು. ಕಾರ್ಯದರ್ಶಿಯವರು ಇಳಿಯುತ್ತಲೇ "ನಿಲ್ಲಿಸಿ, ಅಮ್ಮನ್ನ ಬಿಡಿ," ಎಂದು ಗಾಡಿಯ ಹಿಂಬಾಗಿಲು ತೆಗೆದರು. ಗಡಿಯಾರದಮ್ಮ ದಿಂಬಿನ ಮೇಲಿಂದ, "ಬಾಗಿಲು ಮುಚ್ಚಪ್ಪ, ಚಳಿ," ಎಂದರು. ಅವರು ಮುಚ್ಚಿದರು. ಟೋಪಿಯಿಲ್ಲದ ತಲೆಯಿಂದ ಟೋಪಿ ತೆಗೆಯುವವರಂತೆ ಕೈಯೆತ್ತಿ ನಿಂತರು.

ಮಾವ ಅತ್ತೆಗೆ ಮೀಟರ್ ತೋರಿಸಿದ. ಅತ್ತೆ ಮೀಟರ್ ನೋಡಲಿಲ್ಲ, ಚಾವಣಿ ನೋಡಿದಳು. ಮೆಲ್ಲಗೆ ಕೇಳಿದಳು: "ಆ ಅಯಸ್ಕಾಂತದ ಕೆಳಗೆ ನಾನೊಂದು ರಬ್ಬರ್ ಇಟ್ಟಿದೀನಿ. ಅದರಿಂದ ಏನಾದರೂ..."

"ರಬ್ಬರಾ?"

"ಕಾಲೊರಸೋ ಮ್ಯಾಟ್ ಕತ್ತರಿಸಿ ಇಟ್ಟೆ. ಅಷ್ಟು ಚೆನ್ನಾಗಿ ಬಣ್ಣ ಇದೆ, ಗೀರು ಬೀಳಬಾರದು ಅಂತ."

ಸತ್ತರೂ ಈ ಗಾಡಿ ಬೇಡವೆಂದಿದ್ದವಳು ಯಾವಾಗ ಇಳಿದು ಬಂದು ಅದರ ಮೈ ಒರೆಸಿ ಮ್ಯಾಟ್ ಇಟ್ಟಿದ್ದಳೋ. ಕೊಂಬಿಗೆ ಕಬ್ಬಿಣ ಸಿಕ್ಕಿರಲಿಲ್ಲ. ಕೆಳಗೆ ತಲೆಕೆಳಗಾಗಿ ನಿಲ್ಲಬೇಕಾದ ಆ ಕಾಣದ ಅರ್ಧಕ್ಕೆ ಕಾಲೂರಲು ಜಾಗವಿರಲಿಲ್ಲ. ಮಾವ ಕಾರ್ಯದರ್ಶಿಯವರ ಹೆಗಲ ಮೇಲೆ ಕಾಲಿಟ್ಟು ಹತ್ತಿದ. ಅವರು ಪ್ರತಿಭಟಿಸಲಿಲ್ಲ, ಅಷ್ಟು ಹೊತ್ತಿಗೆ ಅವರಿಗೂ ಯಾವುದಾದರೂ ಕೆಲಸ ಬೇಕಾಗಿತ್ತು. ಮ್ಯಾಟ್ ಕಿತ್ತು ಎಸೆದ. ಅಯಸ್ಕಾಂತ ಉಕ್ಕಿಗೆ ಠಪ್ಪೆಂದು ಕಚ್ಚಿತು. ಗಾಡಿಯೊಳಗೆ ಮಲಗಿದ್ದ ಗಡಿಯಾರದಮ್ಮ, "ಯಾರೋ ಒಳಗೆ ಬಂದ ಹಾಗಾಯ್ತು," ಎಂದರು.

ಐದೂ ನಲವತ್ತೊಂಬತ್ತು. ಮಾವ ಮೈಕು ಒತ್ತಿ ತನ್ನ ಲೈಸೆನ್ಸಿನ ಸಂಕೇತ ಹೇಳಿದ. ವಾಪಸ್ ಮುಳ್ಳು ಸೊನ್ನೆಯ ಮೇಲೆ ಮಲಗಿಯೇ ಇತ್ತು. ಅವನು ಗುಂಡಿ ಬಿಟ್ಟ.

ಸುಯ್ ಎನ್ನುತ್ತಿದ್ದ ಸದ್ದು ಥಟ್ಟನೆ ನಿಂತಿತು. ಮಂಜಿನ ನಡುವಿನಿಂದ, ಹತ್ತಿರದಿಂದ, ಗಂಟಲು ಸರಿಮಾಡಿಕೊಂಡು ಒಬ್ಬ ಮನುಷ್ಯ ಹೇಳಿದ: "ಗುಡ್ಡದ ರಿಪೀಟರ್. ಕೇಳಿಸ್ತಿದೆ. ಮಾತಾಡಿ."

ಕಾರ್ಯದರ್ಶಿಯವರು ಅತ್ತೆಯ ಕೈ ಹಿಡಿದುಕೊಂಡರು. ಇಪ್ಪತ್ತು ವರ್ಷ ಪಕ್ಕದ ಮನೆಯಲ್ಲಿ ಕೇಳಿದ ದನಿ.

ಮಾವ ಮೈಕನ್ನು ನಡುವಿನ ಕಿಂಡಿಯಿಂದ ಹಿಂದಕ್ಕೆ ಕೊಟ್ಟ. "ಒತ್ತಿ ಹಿಡ್ಕೊಳ್ಳಿ ಅಮ್ಮ. ಮೂರು ಸಲ ಕರೀಬೇಕು, ನಮ್ಮಲ್ಲಿ ಅದೇ ರೂಢಿ." ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಒಂದೇ ಸಲ ಕರೆದವರಿಗೆ ಓಗೊಡಬೇಡ, ಮನುಷ್ಯರು ಮೂರು ಸಲ ಕರೆಯುತ್ತಾರೆ.

"ರೀ," ಎಂದರು ಗಡಿಯಾರದಮ್ಮ. "ರೀ. ರೀ." ಆಮೇಲೆ ಅವರ ದನಿ ಸಲೀಸಾಯಿತು. "ಎಲ್ಲಾ ಗಡಿಯಾರಕ್ಕೂ ದಿನಾ ಕೀ ಕೊಡ್ತಿದೀನಿ. ನೀವು ಏನೂ ಹೇಳದೆ ಹೋದ್ರಿ, ನಿಲ್ಲಿಸಬಹುದಾ ಬೇಡವಾ ಅಂತ ಕೇಳೋಕೆ ಆಗಲಿಲ್ಲ. ಸ್ಟೂಲಿಂದ ಬಿದ್ದೆ. ಒಂದು ಆರು ಅನ್ನುತ್ತೆ, ಇನ್ನೊಂದು ಹನ್ನೊಂದು ಅನ್ನುತ್ತೆ, ಮೂವತ್ತು ಜನ ಒಟ್ಟಿಗೆ ಜಗಳ ಆಡಿದ ಹಾಗೆ. ಮೊದಲು ಮೊದಲು ಅದು ನಿಲ್ಲದೇ ಇದ್ರೆ ನೀವೂ ಎಲ್ಲೋ ಇದ್ದೀರಿ ಅನಿಸ್ತಿತ್ತು. ಈಗ ನನಗೆ ನಿದ್ದೆ ಬೇಕು. ಹಾಗಂತ ಹೇಳದೆ ನಿಲ್ಲಿಸಿದ್ರೆ ನೀವು ಏನಂದ್ಕೊಳ್ತೀರೋ..." ಸೋರುವ ನಲ್ಲಿಯಿಂದ ಹಿಡಿದು ಏಣಿ ವಾಪಸ್ ಬಂದದ್ದರ ತನಕ ಎಲ್ಲ ಹೇಳಿದರು. ಹೇಳುತ್ತಿದ್ದಂತೆ ರೇಡಿಯೊ ಟೂಂ ಎಂದು ಅವರ ಮಾತನ್ನು ಕತ್ತರಿಸಿತು.

"ಮೂರು ನಿಮಿಷ ಆದ್ರೆ ಗುಡ್ಡದ ಯಂತ್ರ ತಾನೇ ನಿಲ್ಲಿಸಿಬಿಡುತ್ತೆ," ಎಂದ ಮಾವ, ತನ್ನದೇ ತಪ್ಪೆಂಬಂತೆ. "ಹಾಗೆ ಇಟ್ಟಿದ್ದೂ ಅವರೇ."

"ಗೊತ್ತು ನಂಗೆ," ಎಂದರು ಗಡಿಯಾರದಮ್ಮ. "ಮನೇಲೂ ಅಷ್ಟೇ ಕೇಳೋರು." ಅವರು ಮೈಕಿನ ಗುಂಡಿ ಬಿಟ್ಟರು.

"ಗುಡ್ಡದ ರಿಪೀಟರ್," ಎಂದಿತು ದನಿ. "ಕೇಳಿಸ್ತಿದೆ."

ಈ ಸಲ 'ಮಾತಾಡಿ' ಬರಲಿಲ್ಲ. ಅಲೆ ಬಿದ್ದುಹೋಯಿತೋ, ಯಂತ್ರ ಮುದಿಯಾಗಿತ್ತೋ, ಮಾವನಿಗೆ ಇಂದಿಗೂ ಗೊತ್ತಿಲ್ಲ.

"ಕೇಳಿಸ್ತಂತೆ," ಎಂದು ಗಡಿಯಾರದಮ್ಮ ನಮಗೆ ಹೇಳಿದರು, ನಾವು ಪರಭಾಷೆಯವರೆಂಬಂತೆ. ಮೈಕನ್ನು ಕಿಂಡಿಯಿಂದ ವಾಪಸ್ ಕೊಟ್ಟರು. ಆರು ಗಂಟೆಗೆ ಸುಯ್ ಎನ್ನುವ ಸದ್ದು ಮತ್ತೆ ಬಂತು. ಅದರ ಹಿಂದೆ ಯಾರೂ ಉಸಿರೆಳೆದುಕೊಳ್ಳುತ್ತಿರಲಿಲ್ಲ.

ಆ ಸದ್ದಿನ ನಡುವೆ, ಗುಡ್ಡದ ಹಂಗಿಲ್ಲದ ನೇರ ಅಲೆಯಲ್ಲೇ, ಹಲ್ಲಿನ ಡಾಕ್ಟರ ದನಿ ಬಂತು. ಕ್ಲಬ್ಬೆಲ್ಲ ರೇಡಿಯೊ ಮುಂದೆ ಕೂತು ಕೇಳುತ್ತಿತ್ತಂತೆ, ಯಾರೂ ನಡುವೆ ಬಾಯಿ ಹಾಕಲಿಲ್ಲವಂತೆ. "ಸ್ವಾಮಿ, ನಿಮ್ಮ ಅಲೆ ಗಂಟೆ ಬಾರಿಸಿದ ಹಾಗೆ ಬಂತು," ಎಂದರು. ಪಿಸುಮಾತು ಎನ್ನಲಿಲ್ಲ. ಆಮೇಲೆ, "ಅರ್ಧ ಅಲೆದು ಬಾನೆಟ್ಟಿಗೆ ಕಚ್ಚಿಸಿದ್ರೂ ಸಾಕಿತ್ತು ಅನ್ನಿ," ಎಂದೂ ಸೇರಿಸಿದರು. ಅದು ಅತ್ತೆಗೆ ಕೇಳದಂತೆ ಮಾವ ಕೆಮ್ಮಿದ.

ಆ ರಾತ್ರಿ ಮೂರನೇ ಮಹಡಿಯಲ್ಲಿ ಗಡಿಯಾರಗಳು ಒಂದೊಂದಾಗಿ ನಿಂತವು. ಬೆಳಿಗ್ಗೆ ಕಟ್ಟಡಕ್ಕೆ ಕಟ್ಟಡವೇ ಕಿವಿ ಕಳೆದುಕೊಂಡಂತೆ ಓಡಾಡುತ್ತಿತ್ತು. ಅಷ್ಟು ವರ್ಷ ಕೇಳಿದ ಸದ್ದು ನಿಂತರೆ ಗೋಡೆಗಳೂ ಏನೋ ಕಾಯುತ್ತಿರುವ ಹಾಗೆ ಕಾಣುತ್ತವೆ. ಗಡಿಯಾರದಮ್ಮ ಹತ್ತು ಗಂಟೆಯಾದರೂ ಏಳಲಿಲ್ಲ. ನೆರೆಯವರು ಹೆದರಿ ಕಿವಿ ಇಟ್ಟು ಕೇಳಿದರು. ಒಳಗೆ ಗೊರಕೆ.

ನಾವು ನೆಲಮಾಳಿಗೆಯಲ್ಲಿ ಗಾಡಿಯಿಂದ ರೇಡಿಯೊ ಬಿಚ್ಚಲು ಕೂತಿದ್ದೆವು. ಕಾರ್ಯದರ್ಶಿಯವರು ಬಂದು ನಿಂತರು. ಕೈಯಲ್ಲಿ ಕಾಗದವಿರಲಿಲ್ಲ.

"ಮೂರು ನಿಮಿಷ ಸಿಗುತ್ತಾ," ಎಂದರು. "ನಮ್ಮಮ್ಮ. ಊರಿಗೆ ಹೋಗೋದು ತಡ ಆಯ್ತು. ನಾನು ಹೋಗೋಷ್ಟರಲ್ಲಿ..."

"ಗುಡ್ಡ ಆರಿಸಿದ್ದಾರೆ ಸ್ವಾಮಿ. ರೇಡಿಯೊನೂ ಆರಿಸಿದೀನಿ, ಬ್ಯಾಟರಿ ತಂತಿ ಬಿಚ್ಚಿದೀನಿ ನೋಡಿ. ಯಾರೂ ಕೇಳಲ್ಲ."

"ಯಾರೂ ಕೇಳದೇ ಇದ್ರೇ ಒಳ್ಳೇದು."

ಮಾವ ನನ್ನ ಮುಖ ನೋಡಿದ. ಆಮೇಲೆ ತಟ್ಟೆ ಎಳೆದ. ಫಲಕದ ಒಡೆಯರು ಕೋಟು ಬಿಚ್ಚಿಟ್ಟು ಅದರ ಮೇಲೆ ಮಲಗಿದರು. ಮಾವ ಮೈಕು ಕೈಗಿಟ್ಟು, "ಮೂರು ಸಲ ಕರೀರಿ," ಎಂದ. ಪರದೆ ಎಳೆದ. ಒಳಗಿನಿಂದ, ಮಗುವಿನಂಥ ದನಿ ಕೇಳಿಸಿತು: ಅಮ್ಮ. ಅಮ್ಮ. ಅಮ್ಮ.

ಮೀಟರ್ ನನ್ನ ತೊಡೆಯ ಮೇಲೇ ಇತ್ತು. ಬ್ಯಾಟರಿಯ ಎರಡು ತಂತಿಗಳೂ ನನ್ನ ಕಾಲ ಬಳಿ ಬಿಚ್ಚಿಕೊಂಡು ಬಿದ್ದಿದ್ದವು. 'ಹೋದದ್ದು' ಎಂಬ ಮುಳ್ಳು ನಡುಗುತ್ತ ಎದ್ದು, ಅರ್ಧದ ತನಕ ಹೋಗಿ, ಅಲ್ಲೇ ನಿಂತಿತು. ನಾನು ಮಾವನ ತೋಳು ಹಿಡಿದು ತೋರಿಸಿದೆ.

ಮಾವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. ಅವನು ನೋಡಿದ್ದು ಎರಡನೆಯ ಮುಳ್ಳನ್ನು. ಅದು ಸೊನ್ನೆಯ ಮೇಲೆ ಅಲುಗಾಡದೆ ಮಲಗಿತ್ತು. ಅವನ ಮುಖದ ತುಂಬ ತೃಪ್ತಿ ಹರಡಿತು.

"ನೋಡು ಪುಟ್ಟಿ," ಎಂದ ಮೆಲ್ಲಗೆ, ಒಳಗಿನವರಿಗೆ ತೊಂದರೆಯಾಗದ ಹಾಗೆ. "ಒಂದು ಚೂರೂ ವಾಪಸ್ ಬರ್ತಿಲ್ಲ. ಆಂಟೆನಾ ಅಂದ್ರೆ ಇದು."